ಕೊಸರಿಗಾಗಿ ಹಾರಾಟ

ಸಿಂಧನೂರಿನ ಸಂತೆಯಲ್ಲಿ ಒಂದು ಕಿಲೋ ಬದನೆಕಾಯಿ ಕೊಂಡರೆ, ಮಾರುವಾಕೆ ತಕ್ಕಡಿಯನ್ನು ಕೆಳಗಿಳಿಸುವ ಮುನ್ನ ಇನ್ನೆರಡು ಕಾಯಿಗಳನ್ನೋ ಒಂದು ಹಿಡಿ ಕೊತ್ತಂಬರಿಯನ್ನೋ ಚೀಲಕ್ಕೆ ಹಾಕುವುದುಂಟು. ಇದಕ್ಕೆ ಕೊಸರು ಎಂದು ಹೆಸರು. ಕೊಸರನ್ನು ಕೇಳಿ ಪಡೆಯಬಹುದು, ಹಕ್ಕೆಂದು ವಾದಿಸಲಾಗದು. ವಾರವಾರವೂ ಅದೇ ಬುಟ್ಟಿಯ ಮುಂದೆ ನಿಲ್ಲುವ ಗಿರಾಕಿಗೆ ಅದು ತುಸು ಹೆಚ್ಚಾಗಿಯೇ ದೊರೆಯುತ್ತದೆ. ಕೊಡುವವಳಿಗೂ ಸಂತೋಷ, ಕೊಳ್ಳುವವನಿಗೂ ಸಂತೋಷ. ಆದರೆ ಆ ಒಂದು ಹಿಡಿ ಕೊತ್ತಂಬರಿಯ ಆಸೆಗಾಗಿ ಬೇಡದ ಬದನೆಕಾಯಿಯನ್ನು ಐದು ಕಿಲೋ ಕೊಂಡು ಮನೆಗೆ ಹೊತ್ತವರನ್ನು ನಾನು ಬಹುಕಾಲ ಕಂಡಿರಲಿಲ್ಲ. ಕಡೆಗೆ ಅಂಥವನೊಬ್ಬ ನಮ್ಮ ಮನೆತನದಲ್ಲಿಯೇ ಕಾಣಿಸಿಕೊಂಡ.

ಅವನು ನನ್ನ ಅಕ್ಕನ ಮಗ. ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಯೊಂದರಲ್ಲಿ ಒಳ್ಳೆಯ ಹುದ್ದೆಯಲ್ಲಿದ್ದಾನೆ. ಕೆಲಸದ ನಿಮಿತ್ತ ತಿಂಗಳಿಗೆ ಎರಡು ಮೂರು ಬಾರಿ ವಿಮಾನ ಹತ್ತುತ್ತಾನೆ. ಅಕ್ಕ ಲಿಂಗಸುಗೂರಿನಲ್ಲಿ ಒಬ್ಬಳೇ ಇದ್ದಾಳೆ. 2024ರ ಡಿಸೆಂಬರ್ ಕೊನೆಯಲ್ಲಿ ಎಳ್ಳಮಾವಾಸ್ಯೆ ಬಂತು. ನಮ್ಮ ಎರೆಸೀಮೆಯಲ್ಲಿ ಆ ದಿನ ಮನೆಯಲ್ಲಿ ಉಣ್ಣುವವರಿಲ್ಲ. ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆಗಳನ್ನು ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂತಾಯಿಗೆ ಚರಗ ಚೆಲ್ಲಿ, ನಿಂತ ಜೋಳದ ನಡುವೆ ಕುಳಿತು ಉಣ್ಣಬೇಕು. ಮಗ ಬರುವೆನೆಂದು ಹೇಳಿದ್ದ. ಅಕ್ಕ ಎರಡು ದಿನ ಮುಂಚಿತವಾಗಿಯೇ ಹೂರಣಕ್ಕೆ ಶೇಂಗಾ ಹುರಿದಿಟ್ಟಿದ್ದಳು. ಅವನು ಬರಲಿಲ್ಲ. ಆ ದಿನ ಅವನು ಬೆಂಗಳೂರಿನಿಂದ ದಿಲ್ಲಿಗೆ ಹಾರಿ, ದಿಲ್ಲಿಯ ನಿಲ್ದಾಣದ ಹೊರಗೆ ಹೆಜ್ಜೆಯಿಡದೆ ಎರಡು ಗಂಟೆ ಕುಳಿತು, ಮುಂದಿನ ವಿಮಾನದಲ್ಲಿ ಬೆಂಗಳೂರಿಗೆ ಮರಳಿದ್ದ. ಅದರ ಹಿಂದಿನ ವಾರವೂ ಹಾಗೆಯೇ ಮಾಡಿದ್ದನಂತೆ.

ಮುಂದೆ ಸಂಕ್ರಾಂತಿಗೆ ಬಂದಾಗ ಅಕ್ಕ ಸಿಟ್ಟು ಮಾಡಲಿಲ್ಲ. ಕೌತುಕದಿಂದಲೇ ಕೇಳಿದಳು:

“ಅಲ್ಲೋ, ದಿಲ್ಲಿಗೆ ಹೋಗಿ ಏನ್ ನೋಡಿ ಬಂದಿ?”

“ಏನೂ ಇಲ್ಲವ್ವ.”

“ಮತ್ತ ಯಾರನ್ನ ಮಾತಾಡ್ಸಿ ಬಂದಿ?”

“ಯಾರನ್ನೂ ಇಲ್ಲ.”

“ಹಂಗಾದ್ರ ಹೋಗಿದ್ದರ ಯಾಕ?”

ಆ ಪ್ರಶ್ನೆಗೆ ಅವನು ನನ್ನ ಕಡೆ ನೋಡಿದ. ವಿದ್ಯಾವಂತನಾದ ಸೋದರಮಾವ ತನ್ನ ಪಕ್ಷ ವಹಿಸಿಯಾನೆಂಬ ಆಸೆ ಅವನಿಗಿತ್ತು. ನನಗೋ ವಿಷಯವೇ ಹೊಸದು. ಆ ಸಂಜೆ ಅವನು ವಿವರಿಸಿದ್ದನ್ನೂ, ಆಮೇಲೆ ನಾನು ಓದಿ ತಿಳಿದುದನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ನಮ್ಮ ಕಾಲೇಜಿನಲ್ಲಿ ಓದಿ ಬೆಂಗಳೂರು, ಹೈದರಾಬಾದುಗಳಲ್ಲಿ ನೆಲೆಸಿದ ಹುಡುಗರಲ್ಲಿ ಈ ಗೀಳು ಹತ್ತಿದವರು ಇವನೊಬ್ಬನೇ ಅಲ್ಲವೆಂದು ಈಗ ಬಲ್ಲೆ.

ವಿಮಾನ ಸಂಸ್ಥೆಗಳು ತಮ್ಮಲ್ಲಿ ಮತ್ತೆ ಮತ್ತೆ ಹಾರುವವರಿಗೆ ದರ್ಜೆಗಳನ್ನು ಕೊಡುತ್ತವೆ. ಬೆಳ್ಳಿ, ಚಿನ್ನ, ಪ್ಲಾಟಿನಂ ಎಂದು ಅವುಗಳ ಹೆಸರು. ಒಂದು ವರ್ಷದಲ್ಲಿ ಇಂತಿಷ್ಟು ಹಾರಿದರೆ, ಇಲ್ಲವೆ ಇಂತಿಷ್ಟು ಹಣ ತೆತ್ತರೆ ಚಿನ್ನ ದೊರೆಯುತ್ತದೆ. ಮರುವರ್ಷ ಅಷ್ಟನ್ನೇ ಪುನಃ ಮಾಡದಿದ್ದರೆ ಜಾರಿಹೋಗುತ್ತದೆ. ಚಿನ್ನದವನಿಗೆ ಸಾಲಿನಲ್ಲಿ ಮೊದಲ ಸ್ಥಾನ, ಒಂದಿಷ್ಟು ಹೆಚ್ಚು ಸಾಮಾನು, ಒಳ್ಳೆಯ ಆಸನ, ನಿಲ್ದಾಣದ ವಿಶ್ರಾಂತಿ ಕೊಠಡಿಯಲ್ಲಿ ಊಟ ಉಪಾಹಾರ. ವರ್ಷದ ಕೊನೆಗೆ ನಾಲ್ಕಾರು ಹಾರಾಟಗಳು ಕಡಿಮೆ ಬಿದ್ದವರು ಕೆಲಸವಿಲ್ಲದಿದ್ದರೂ ಹಾರಿ ಲೆಕ್ಕ ತುಂಬಿಸುತ್ತಾರೆ. ನನ್ನ ಅಳಿಯನಿಗೆ ಕಡಿಮೆ ಬಿದ್ದದ್ದು ನಾಲ್ಕು.

ಈ ಪದ್ಧತಿಗೆ ವಯಸ್ಸು ಬಹಳವಿಲ್ಲ. ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆ 1981ರ ಮೇ 1ರಂದು ತನ್ನ ‘ಅಡ್ವಾಂಟೇಜ್’ ಯೋಜನೆಯನ್ನು ಹೊರಡಿಸಿತು. ಕೆಲವೇ ದಿನಗಳಲ್ಲಿ ಯುನೈಟೆಡ್ ಸಂಸ್ಥೆ ಹಿಂಬಾಲಿಸಿತು. ಆಗ ಎಣಿಸುತ್ತಿದ್ದುದು ಕ್ರಮಿಸಿದ ಮೈಲಿಗಳನ್ನು. ಲೆಕ್ಕ ಬಲ್ಲವರು ಬೇಗನೆ ಇದರ ಸಂದನ್ನು ಕಂಡುಕೊಂಡರು. ಅಗ್ಗದ ಚೀಟಿ ಕೊಂಡು ಅತಿ ದೂರ ಹಾರಿದರೆ, ದುಬಾರಿ ಚೀಟಿ ಕೊಂಡವನಷ್ಟೇ ಮೈಲಿಗಳು ಇವನಿಗೂ ಸಲ್ಲುತ್ತಿದ್ದವು. ಮೈಲಿಗಾಗಿಯೇ ಹಾರುವವರ ಪಂಥ ಹುಟ್ಟಿದ್ದು ಹೀಗೆ. ಅಂದು ಅದು ಲಾಭದ ವ್ಯಾಪಾರವೇ ಆಗಿತ್ತೆಂಬುದನ್ನು ಒಪ್ಪಬೇಕು.

ಆದರೆ ಅಂಗಡಿಯವನು ಎಷ್ಟು ದಿನ ಕಣ್ಣು ಮುಚ್ಚಿಕೊಂಡಿರುತ್ತಾನೆ? ಸಂಸ್ಥೆಗಳು ಮೈಲಿಯನ್ನು ಬಿಟ್ಟು ಹಣವನ್ನು ಎಣಿಸತೊಡಗಿದವು. ಅಮೆರಿಕದ ಡೆಲ್ಟಾ 2024ರಿಂದ ದರ್ಜೆಗೆ ಡಾಲರುಗಳ ವೆಚ್ಚವನ್ನು ಮಾತ್ರ ಪರಿಗಣಿಸುತ್ತಿದೆ. ನಮ್ಮ ಏರ್ ಇಂಡಿಯಾ ಅದೇ ವರ್ಷ ತನ್ನ ಯೋಜನೆಯನ್ನು ಹೊಸದಾಗಿ ಹೆಣೆದು, ಅಂಕಗಳನ್ನು ವೆಚ್ಚಮಾಡಿದ ರೂಪಾಯಿಗೆ ಗಂಟುಹಾಕಿತು. ಬ್ರಿಟಿಷ್ ಏರ್‌ವೇಸ್ 2025ರ ಏಪ್ರಿಲ್ 1ರಿಂದ ಒಂದು ಪೌಂಡಿಗೆ ಒಂದು ಅಂಕವೆಂದು ಗೊತ್ತುಮಾಡಿ, ಚಿನ್ನದ ದರ್ಜೆಗೆ 20,000 ಅಂಕಗಳನ್ನು ನಿಗದಿಪಡಿಸಿತು. ಅಮೆರಿಕನ್ ಸಂಸ್ಥೆಯಲ್ಲಿ 2022ರಿಂದ ವಿಮಾನವನ್ನೇ ಹತ್ತದೆ, ಬ್ಯಾಂಕಿನ ಕಾರ್ಡನ್ನು ಉಜ್ಜಿಯೇ ದರ್ಜೆ ಗಳಿಸಲು ಸಾಧ್ಯವಾಗಿದೆ. ಅಗ್ಗದ ಚೀಟಿಯ ಜಾಣತನಕ್ಕೆ ಇದ್ದ ಬಾಗಿಲು ಹೀಗೆ ಮುಚ್ಚುತ್ತ ಬಂತು. ಕೆಲವು ಸಂಸ್ಥೆಗಳು ಹಾರಾಟಗಳ ಸಂಖ್ಯೆಯೆಂಬ ಹಿಂಬಾಗಿಲನ್ನು ಇನ್ನೂ ತೆರೆದಿಟ್ಟಿವೆ. ನನ್ನ ಅಳಿಯ ನುಗ್ಗಿದ್ದು ಅದರಲ್ಲಿಯೇ.

“ಲಾಭವಿಲ್ಲದೆ ಮಾಡಿಲ್ಲ ಮಾವ,” ಎಂದು ಅವನು ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದ. ಎರಡು ಸಲ ದಿಲ್ಲಿಗೆ ಹೋಗಿಬರಲು ಚೀಟಿಗೆ 27,600 ರೂಪಾಯಿ, ಮನೆಯಿಂದ ದೇವನಹಳ್ಳಿಯ ನಿಲ್ದಾಣಕ್ಕೆ ಓಡಾಡಿದ ಟ್ಯಾಕ್ಸಿಗೆ 4,800, ಒಟ್ಟು 32,400. ಇದಕ್ಕೆ ಪ್ರತಿಯಾಗಿ ವರ್ಷದಲ್ಲಿ ಹತ್ತು ಬಾರಿ ವಿಶ್ರಾಂತಿ ಕೊಠಡಿ, ಅದರ ಬೆಲೆ 10,000. ಆಸನದ ಶುಲ್ಕದ ಉಳಿತಾಯ 6,300. ಹೆಚ್ಚಿನ ಸಾಮಾನಿಗೆ 3,700. ಒಮ್ಮೆ ಮೇಲಿನ ತರಗತಿಗೆ ಬಡ್ತಿ ಸಿಕ್ಕಿದರೆ 18,000. ಒಟ್ಟು 38,000. ಎಂದರೆ 5,600 ರೂಪಾಯಿಯ ಲಾಭ.

ಗಣಿತದಲ್ಲಿ ನಾನು ಪಂಡಿತನಲ್ಲ. ಆದರೆ ವ್ಯಾಕರಣದ ಪಾಠದಲ್ಲಿ ಪದವನ್ನು ಬಿಡಿಸಿ ನೋಡುವ ಅಭ್ಯಾಸವಿದೆ. ಒಂದೊಂದನ್ನೇ ಬಿಡಿಸಿ ಕೇಳಿದೆ. ಈ ಬಡ್ತಿಯ ಆಸನವನ್ನು ನಿನ್ನ ಕೈಯಿಂದ 18,000 ತೆತ್ತು ಎಂದಾದರೂ ಕೊಳ್ಳುತ್ತಿದ್ದೆಯಾ? ಇಲ್ಲವೆಂದ. ಅಷ್ಟು ಸಾಮಾನನ್ನು ಒಯ್ಯುವ ಪ್ರಸಂಗವುಂಟೆ? ಇಲ್ಲ. ವಿಶ್ರಾಂತಿ ಕೊಠಡಿಗೆ ಬೇರೆ ದಾರಿಯಿಲ್ಲವೆ? ಬ್ಯಾಂಕಿನ ಕಾರ್ಡಿನ ಮೇಲೆ ಆರು ಬಾರಿ ಹೇಗೂ ಪ್ರವೇಶವಿದೆಯೆಂದು ಒಪ್ಪಿಕೊಂಡ. ಉಳಿದದ್ದು ಕೊಠಡಿಯ ನಾಲ್ಕು ಸಾವಿರ, ಆಸನದ 6,300, ಕೂಡಿದರೆ 10,300. ಹೀಗೆ 5,600ರ ಲಾಭ 22,100ರ ನಷ್ಟವಾಗಿ ತಿರುಗಿತು. ನಾವು ಸ್ವಂತ ಹಣದಿಂದ ಎಂದೂ ಕೊಳ್ಳದಿದ್ದ ವಸ್ತುವಿಗೆ ಮಾರುವವನು ಬರೆದ ಬೆಲೆಯನ್ನು ನಮ್ಮ ಲಾಭವೆಂದು ಬರೆದುಕೊಳ್ಳುವುದು ಈ ಗೀಳಿನ ಮೊದಲನೆಯ ತಪ್ಪು. ಎರಡು ದಿನಗಳ ಬೆಲೆಯನ್ನು ಅವನು ಬರೆದಿರಲಿಲ್ಲ, ನಾನೂ ಬರೆಯಲಿಲ್ಲ.

ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಮೆಲ್ಲನೆ, “ಅಪ್ಪ ಹೋದಾಗ ನನ್ನನ್ನು ಮನೆಗೆ ಮುಟ್ಟಿಸಿದ್ದು ಈ ಚೀಟಿಯೇ ಮಾವ,” ಎಂದ.

ಆ ಸಂಗತಿ ನನಗೆ ತಿಳಿದಿರಲಿಲ್ಲ. ನಮ್ಮ ಭಾವ ಹಟ್ಟಿಯ ಚಿನ್ನದ ಗಣಿಯಲ್ಲಿ ದುಡಿದವರು. 2023ರ ಜನವರಿಯಲ್ಲಿ ಅವರಿಗೆ ಎದೆನೋವು ಬಂದಾಗ ಮಗ ದಿಲ್ಲಿಯಲ್ಲಿದ್ದ. ದಟ್ಟ ಮಂಜು ಕವಿದು ಅವನ ವಿಮಾನ ರದ್ದಾಯಿತು. ನೂರಾರು ಜನ ಸಾಲಿನಲ್ಲಿ ನಿಂತಿದ್ದರು. ಇವನ ಚಿನ್ನದ ಚೀಟಿಯನ್ನು ನೋಡಿ, ಹೈದರಾಬಾದಿಗೆ ಹೊರಟ ಮೊದಲನೆಯ ವಿಮಾನದಲ್ಲಿ ಉಳಿದಿದ್ದ ಆಸನವೊಂದನ್ನು ಕೊಟ್ಟರಂತೆ. ಅಲ್ಲಿಂದ ಕಾರು ಹಿಡಿದು, ರಾಯಚೂರು ದಾಟಿ, ನಡುರಾತ್ರಿ ಮೀರಿದ ಮೇಲೆ ಲಿಂಗಸುಗೂರು ಸೇರಿದ. ತಂದೆ ಗುರುತು ಹಿಡಿದರು, ಕೈ ಹಿಡಿದುಕೊಂಡರು, ಬೆಳಗಾಗುವಾಗ ಹೋದರು. ಈಗ ತಾಯಿ ಒಬ್ಬಳೇ ಇದ್ದಾಳೆ. ಅವನು ಕಾಯ್ದುಕೊಳ್ಳುತ್ತಿದ್ದುದು ವಿಶ್ರಾಂತಿ ಕೊಠಡಿಯ ಇಡ್ಲಿಯನ್ನಲ್ಲವೆಂದು ನನಗೆ ಆಗ ಅರ್ಥವಾಯಿತು. ಅಂಥದೊಂದು ರಾತ್ರಿ ಮತ್ತೆ ಬಂದರೆ ತಾನು ಸಾಲಿನ ಹಿಂದೆ ನಿಲ್ಲಬೇಕಾದೀತೆಂಬ ಭಯ ಅವನನ್ನು ಹಾರಿಸುತ್ತಿತ್ತು. ಅದನ್ನು ಹೇಳಿಕೊಳ್ಳಲು ನಾಚಿ, ಲಾಭದ ಲೆಕ್ಕವನ್ನು ಮುಂದೆ ಮಾಡಿದ್ದ.

ಮಾತು ಇಲ್ಲಿಗೆ ಬಂದ ಮೇಲೆ ನಗೆಯಾಡುವಂತಿರಲಿಲ್ಲ. ಹಾಗೆಂದು ಲೆಕ್ಕವನ್ನು ಬಿಡುವಂತೆಯೂ ಇರಲಿಲ್ಲ. ಆ ಚೀಟಿಯ ಉಪಕಾರ ಒಂದು ಸಂಸ್ಥೆಯ ವಿಮಾನಗಳಿಗೆ, ಬಹಳವೆಂದರೆ ಅದರ ಮಿತ್ರಕೂಟಕ್ಕೆ ಸೀಮಿತ. ಆ ರಾತ್ರಿ ಮೊದಲು ಹೊರಟ ವಿಮಾನ ಬೇರೆಯವರದಾಗಿದ್ದರೆ ಚಿನ್ನವೂ ಸಾಲಿನಲ್ಲಿಯೇ ನಿಲ್ಲಬೇಕಾಗಿತ್ತು. ಅದೇ 32,400 ರೂಪಾಯಿ ಬ್ಯಾಂಕಿನಲ್ಲಿದ್ದರೆ ಯಾವ ಸಂಸ್ಥೆಯದಾದರೂ ಸರಿ, ಮೊದಲು ಹಾರುವ ವಿಮಾನಕ್ಕೆ ಪೂರ್ಣ ಬೆಲೆ ತೆತ್ತು ಹತ್ತಬಹುದು. ಹೈದರಾಬಾದಿನಿಂದ ಕಾರಿಗೂ ಉಳಿದೀತು. ಅಂಥ ರಾತ್ರಿ ಬಾರದೆ ವರ್ಷ ಕಳೆದರೆ ಹಣ ಹಾಗೆಯೇ ಇರುತ್ತದೆ, ದರ್ಜೆ ಇರುವುದಿಲ್ಲ. ಭಯಕ್ಕೆ ಕಟ್ಟುವ ಗಂಟು ನಮ್ಮ ಕೈಯಲ್ಲಿರುವುದು ಮೇಲು.

ಸಂಸ್ಥೆಯ ಕೈಯಲ್ಲಿದ್ದ ಗಂಟಿಗೆ ಏನಾಗಬಹುದೆಂಬುದಕ್ಕೆ ನಮ್ಮ ಬೆಂಗಳೂರೇ ಸಾಕ್ಷಿ. ಗೊರೂರಿನ ಕ್ಯಾಪ್ಟನ್ ಗೋಪಿನಾಥರು 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿ, ಬಸ್ಸಿನಲ್ಲಿ ಓಡಾಡುತ್ತಿದ್ದವರನ್ನು ವಿಮಾನ ಹತ್ತಿಸಿದರು. 2005ರಲ್ಲಿ ವಿಜಯ್ ಮಲ್ಯರ ಕಿಂಗ್‌ಫಿಷರ್ ಹಾರತೊಡಗಿತು. ಮುಂದೆ ಡೆಕ್ಕನ್ ಕೂಡ ಅದರ ಕೈಗೆ ಹೋಯಿತು. ಕಿಂಗ್‌ಫಿಷರ್‌ಗೆ ‘ಕಿಂಗ್ ಕ್ಲಬ್’ ಎಂಬ ಯೋಜನೆಯಿತ್ತು. ಅದರ ಸದಸ್ಯರು ‘ಕಿಂಗ್ ಮೈಲಿ’ಗಳನ್ನು ಕೂಡಿಟ್ಟರು. 2012ರ ಅಕ್ಟೋಬರಿನಲ್ಲಿ ವಿಮಾನಗಳು ನೆಲಕ್ಕಿಳಿದವು, ಮತ್ತೆ ಏಳಲಿಲ್ಲ. ಕೂಡಿಟ್ಟ ಮೈಲಿಗಳಿದ್ದವು, ಅವುಗಳನ್ನು ಹಾರಲು ರೆಕ್ಕೆಗಳಿರಲಿಲ್ಲ. 2019ರ ಏಪ್ರಿಲಿನಲ್ಲಿ ಜೆಟ್ ಏರ್‌ವೇಸ್ ನಿಂತಿತು. ಅದರ ಮೈಲಿ ಯೋಜನೆ ಪ್ರತ್ಯೇಕ ಕಂಪನಿಯಾಗಿದ್ದುದರಿಂದ ಅಂಕಗಳೇನೋ ‘ಇಂಟರ್‌ಮೈಲ್ಸ್’ ಎಂಬ ಹೊಸ ಹೆಸರಿನಲ್ಲಿ ಬದುಕಿದವು. ಆದರೆ ದರ್ಜೆಯ ಚೀಟಿಯನ್ನು ತೋರಿಸಲು ಜೆಟ್ ವಿಮಾನವೇ ಇರಲಿಲ್ಲ. 2024ರ ನವೆಂಬರ್ 12ರಂದು ವಿಸ್ತಾರಾ ಏರ್ ಇಂಡಿಯಾದಲ್ಲಿ ಲೀನವಾದಾಗ ಮಾತ್ರ ಸದಸ್ಯರ ಅಂಕಗಳೂ ದರ್ಜೆಗಳೂ ಹೊಸ ಮನೆಗೆ ವರ್ಗವಾದವು. ಆ ಯೋಜನೆಗೆ ಈಗ ‘ಮಹಾರಾಜ ಕ್ಲಬ್’ ಎಂದು ಹೆಸರು. ಒಂದು ಸತ್ತಿತು, ಒಂದು ಹೆಸರು ಬದಲಿಸಿ ಉಳಿಯಿತು, ಒಂದು ಮದುವೆಯಾಗಿ ಹೋಯಿತು. ಮೂರರಲ್ಲಿಯೂ ಪ್ರಯಾಣಿಕನ ಒಪ್ಪಿಗೆಯನ್ನು ಯಾರೂ ಕೇಳಿದ್ದಿಲ್ಲ.

ಕನ್ನಡ ಕಲಿಸುವವನಾದ್ದರಿಂದ ಬಿರುದಿನ ಮಾತು ಬಂದಾಗ ನನಗೆ ಹಳೆಯ ಕವಿಗಳ ನೆನಪಾಗುತ್ತದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣ ಪೊನ್ನನಿಗೆ ‘ಉಭಯಕವಿಚಕ್ರವರ್ತಿ’ ಎಂಬ ಬಿರುದನ್ನಿತ್ತ. ಚಾಲುಕ್ಯ ತೈಲಪ ರನ್ನನಿಗೆ ‘ಕವಿಚಕ್ರವರ್ತಿ’ಯೆಂಬ ಬಿರುದನ್ನಿತ್ತ. ಕೊಟ್ಟ ರಾಜ್ಯಗಳೆರಡೂ ಅಳಿದಿವೆ; ಸಾವಿರ ವರ್ಷಗಳ ಮೇಲೆಯೂ ತರಗತಿಯಲ್ಲಿ ಹುಡುಗರು ಆ ಬಿರುದುಗಳನ್ನು ಬರೆದುಕೊಳ್ಳುತ್ತಾರೆ. ಪ್ರತಿ ವರ್ಷದ ಕೊನೆಗೆ ಇನ್ನೆರಡು ಚಂಪೂಕಾವ್ಯ ಬರೆದು ಲೆಕ್ಕ ತುಂಬಿಸದಿದ್ದರೆ ಬಿರುದು ಬೆಳ್ಳಿಗೆ ಇಳಿಯುವುದೆಂದು ಯಾವ ಅರಸನೂ ಹೇಳಲಿಲ್ಲ. ಮಾಡಿದ ಕೆಲಸಕ್ಕೆ ಒಲಿದು ಬಂದುದು ಬಿರುದು. ವರ್ಷವರ್ಷವೂ ತೆತ್ತು ಇಟ್ಟುಕೊಳ್ಳುವುದನ್ನು ಬಾಡಿಗೆಯೆಂದು ಕರೆಯುವುದು ನಮ್ಮ ರೂಢಿ.

ಚಿನ್ನವೆಂಬ ಹೆಸರಂತೂ ಲಿಂಗಸುಗೂರು ತಾಲ್ಲೂಕಿನವರನ್ನು ಸುಲಭವಾಗಿ ಮರುಳುಮಾಡಲಾರದು. 2001ರಲ್ಲಿ ಕೋಲಾರದ ಗಣಿಗಳು ಮುಚ್ಚಿದ ಮೇಲೆ ದೇಶದಲ್ಲಿ ಹೇಳಿಕೊಳ್ಳುವಂತಹ ಚಿನ್ನದ ಗಣಿಯೆಂದರೆ ನಮ್ಮ ಹಟ್ಟಿ. ಭಾವ ಹೇಳುತ್ತಿದ್ದರು: ಒಂದು ಟನ್ ಕಲ್ಲನ್ನು ಒಡೆದು ಅರೆದರೆ ಸಿಗುವುದು ಕೆಲವೇ ಗ್ರಾಂ. ಕಲ್ಲಿನಲ್ಲಿ ಅಷ್ಟಾದರೂ ಇದೆಯೆಂದು ಮೊದಲೇ ಪರೀಕ್ಷಿಸಿ ತಿಳಿದುಕೊಂಡು ಸುರಂಗಕ್ಕೆ ಇಳಿಯುತ್ತಾರೆ. ಇಲ್ಲದ ಕಲ್ಲನ್ನು ಒಡೆಯುವವನನ್ನು ಗಣಿಯಲ್ಲಿ ಯಾರೂ ಕೆಲಸದಲ್ಲಿಟ್ಟುಕೊಳ್ಳುವುದಿಲ್ಲ. ಹಾರುವ ಮುನ್ನ ಮಾಡಬೇಕಾದ ಪರೀಕ್ಷೆಯೂ ಅಷ್ಟೇ ಸರಳವಾದುದು.

ಹಾಗಾದರೆ ಹೆಚ್ಚಿನ ಹಾರಾಟ ಯಾರಿಗೂ ಯೋಗ್ಯವಲ್ಲವೆ? ಹಾಗೆ ಹೇಳುವುದು ಅನ್ಯಾಯವಾದೀತು. ಬರುವ ವರ್ಷವೂ ಕಚೇರಿಯ ಖರ್ಚಿನಲ್ಲಿ ಅದೇ ಸಂಸ್ಥೆಯ ವಿಮಾನಗಳಲ್ಲಿ ಪದೇ ಪದೇ ಓಡಾಡುವುದು ನಿಶ್ಚಯವಾಗಿದ್ದು, ಒಂದೇ ಒಂದು ಹಾರಾಟ ಕಡಿಮೆ ಬಿದ್ದವನು, ಜನವರಿಯಲ್ಲಿ ಹೇಗೂ ಮಾಡಬೇಕಾದ ಪ್ರಯಾಣವನ್ನು ಡಿಸೆಂಬರಿಗೆ ಹಿಂದೆಳೆದುಕೊಂಡರೆ ಅದು ವಿವೇಕವೇ. ದೂರದೇಶಗಳಿಗೆ ಸಾಮಾನ್ಯ ತರಗತಿಯಲ್ಲಿ ಮೇಲಿಂದ ಮೇಲೆ ಹೋಗುವವರಿಗೂ, ಮಿತ್ರಕೂಟದ ಎಲ್ಲ ನಿಲ್ದಾಣಗಳಲ್ಲಿ ಮನ್ನಣೆಯುಳ್ಳ ಚಿನ್ನದಿಂದ ನಿಜವಾದ ಸುಖವುಂಟು. ಉಳಿದವರು ಮೂರು ಮಾತು ಕೇಳಿಕೊಳ್ಳಬೇಕು: ಈ ಸೌಲಭ್ಯವನ್ನು ನನ್ನ ಹಣದಿಂದ ಕೊಳ್ಳುತ್ತಿದ್ದೆನೆ? ಮುಂದಿನ ವರ್ಷ ಅದನ್ನು ಬಳಸುವಷ್ಟು ಹಾರುವೆನೆ? ಅಷ್ಟರಲ್ಲಿ ನಿಯಮ ಬದಲಾದರೆ ಸಹಿಸಬಲ್ಲೆನೆ? ಮೂರಕ್ಕೂ ಹೌದೆಂಬ ಉತ್ತರ ಬಂದವನು ಹಾರಲಿ. ನನ್ನ ಅಳಿಯನಿಗೆ ಒಂದಕ್ಕೂ ಬರಲಿಲ್ಲ. ಆ ವರ್ಷ ಅವನ ಕಚೇರಿ ಪ್ರಯಾಣಗಳನ್ನು ಅರ್ಧಕ್ಕರ್ಧ ಕಡಿಮೆ ಮಾಡಿತು. ಅಷ್ಟು ಕಷ್ಟಪಟ್ಟು ಉಳಿಸಿಕೊಂಡ ಚಿನ್ನವನ್ನು ಅವನು ತೋರಿಸಿದ್ದು ಐದೋ ಆರೋ ಬಾರಿ.

2025ರ ಡಿಸೆಂಬರ್ ಬಂತು. ಈ ಸಲ ಕಡಿಮೆ ಬಿದ್ದದ್ದು ನಾಲ್ಕಲ್ಲ, ಹದಿನಾರು. ಅವನು ಹಾರಲಿಲ್ಲ. ಎಳ್ಳಮಾವಾಸ್ಯೆಯ ಹಿಂದಿನ ರಾತ್ರಿ ಬೆಂಗಳೂರಿನಲ್ಲಿ ಬಸ್ಸು ಹತ್ತಿ, ಬೆಳಗ್ಗೆ ಸಿಂಧನೂರಿನಲ್ಲಿ ಇಳಿದ. ಅಕ್ಕ ಹಬ್ಬಕ್ಕೆಂದು ನಮ್ಮಲ್ಲಿಗೇ ಬಂದಿದ್ದಳು. ಹೊಲದಲ್ಲಿ ಚರಗ ಚೆಲ್ಲಿ, ಉಂಡು, ಮರುದಿನ ತಾಯಿ ಮಗನನ್ನು ಲಿಂಗಸುಗೂರಿಗೆ ಬಿಟ್ಟುಬರಲು ನಾನೂ ಹೊರಟೆ. ದಾರಿಯಲ್ಲಿ ಮಸ್ಕಿ. ಎಷ್ಟೋ ವರ್ಷಗಳಿಂದ ಆ ದಾರಿಯಲ್ಲಿ ಓಡಾಡಿದ ಅಕ್ಕ ಅಲ್ಲಿಯ ಶಾಸನವನ್ನು ನೋಡಿರಲಿಲ್ಲ. ಇಳಿದು ಹೋದೆವು.

ಆ ಬಂಡೆಯ ಕಥೆಯನ್ನು ಅಳಿಯನಿಗೆ ಹೇಳಿದೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದಾಗ ದೇಶದ ಉದ್ದಗಲಕ್ಕೂ ದೊರೆತದ್ದು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು ಮಾತ್ರ. ಅವನು ಅಶೋಕನೇ ಇರಬೇಕೆಂದು ಸಿಂಹಳದ ಗ್ರಂಥಗಳ ಆಧಾರದಿಂದ ವಿದ್ವಾಂಸರು ಊಹಿಸಿದ್ದರು. 1915ರಲ್ಲಿ ಚಿನ್ನದ ಅದಿರನ್ನು ಅರಸುತ್ತ ಬಂದ ಬೀಡನ್ ಎಂಬ ಗಣಿ ಎಂಜಿನಿಯರ್ ಈ ಬಂಡೆಯನ್ನು ಕಂಡ. ಇಲ್ಲಿ ಬಿರುದಿನ ಜೊತೆಗೆ ‘ಅಶೋಕ’ ಎಂಬ ಹೆಸರೂ ಇತ್ತು. ಗುಜರ್ರಾ, ನಿಟ್ಟೂರು, ಉದೆಗೊಳಂಗಳ ಶಾಸನಗಳಲ್ಲಿ ಆ ಹೆಸರು ದೊರೆತದ್ದು ಆಮೇಲೆ. ಬಿರುದು ಎಷ್ಟು ದೊಡ್ಡದಾದರೂ, ಮನುಷ್ಯನನ್ನು ಗುರುತಿಸಲು ಕಡೆಗೆ ಅವನ ಹೆಸರೇ ಬೇಕಾಯಿತು.

“ಅದರಾಗ ಏನ್ ಬರ್ದಾನ?” ಎಂದು ಅಕ್ಕ ಕೇಳಿದಳು.

ಧರ್ಮದ ಮೇಲ್ಮೆಯನ್ನು ದೊಡ್ಡವರು ಮಾತ್ರ ಪಡೆಯುತ್ತಾರೆಂದು ತಿಳಿಯಬಾರದು. ಸಣ್ಣವರಿಗೂ ಅದು ಸಾಧ್ಯವೆಂದು ಅರಸ ಹೇಳಿದ್ದಾನೆ ಎಂದು ನನಗೆ ಬಂದಷ್ಟು ತಿಳಿಸಿದೆ.

ಅಕ್ಕ ಬಂಡೆಯನ್ನೂ ಮಗನ ಮುಖವನ್ನೂ ನೋಡಿದಳು. “ಅದಕ್ಕ ವರ್ಷಕ್ಕ ಎಷ್ಟು ಸಲ ಹೋಗಿ ಬರಬೇಕಂತ?”

ಅಳಿಯ ಜೋರಾಗಿ ನಕ್ಕುಬಿಟ್ಟ. ಅಂಥದೇನನ್ನೂ ಕಲ್ಲಿನಲ್ಲಿ ಬರೆದಿಲ್ಲವೆಂದು ನಾನು ಹೇಳಿದೆ. ಆಮೇಲೆ ಮೂವರೂ ಇಳಿದು ಬಂದು ಲಿಂಗಸುಗೂರಿನ ಬಸ್ಸಿಗೆ ಕಾದು ನಿಂತೆವು. ಬಸ್ಸು ತುಂಬಿತ್ತು. ಅಕ್ಕನಿಗೆ ಒಬ್ಬ ಹುಡುಗಿ ಎದ್ದು ಜಾಗ ಕೊಟ್ಟಳು. ನಾವಿಬ್ಬರೂ ಕಂಬಿ ಹಿಡಿದು ನಿಂತೇ ಹೋದೆವು.